ಹೋಲಿಕೆಯ ಮಕ್ಕಳು

ಒಂದೂವರೆ ವರ್ಷ ಗುಡ್ಡ ಹತ್ತಿ ಇಳಿದು, ಸಾವಿರಾರು ಮಕ್ಕಳನ್ನು ತೂಗಿ ಅಳೆದು, ಕೊನೆಗೆ ಕಂಪ್ಯೂಟರು ಉಗುಳಿದ್ದು ಒಂದು ಬೋಳು ಅಂಕಿ. ಬೋಳು ಅಂದರೆ ಬೋಳೇ, ತಲೆಯ ಮೇಲೆ ಒಂದು ನಕ್ಷತ್ರವಿಲ್ಲ. ಕಿನಾಸಿಯ ಅಂಕಿ-ಅಂಶದ ಕಸುಬಿನಲ್ಲಿ ಅಂಕಿಯ ತಲೆಯ ಮೇಲೆ ನಕ್ಷತ್ರ ಕೂತರೆ ಅದು ನಂಬಬಹುದಾದ ಅಂಕಿ. ಮೂರು ಕೂತರೆ ಇಲಾಖೆಯ ದೊಡ್ಡ ಸಾಹೇಬರೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಒಂದೂ ಇಲ್ಲದಿದ್ದರೆ ಅದು ಕಾಕತಾಳೀಯ, ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

ವಿಷಯ ಇಷ್ಟು. ಜಾವಾ ದ್ವೀಪದ ಯೋಗ್ಯಕರ್ತಾದ ಪಶ್ಚಿಮಕ್ಕಿರುವ ಮೆನೊರೆ ಗುಡ್ಡಗಳಲ್ಲಿ ಮಕ್ಕಳು ವಯಸ್ಸಿಗೆ ತಕ್ಕ ಹಾಗೆ ಬೆಳೆಯುತ್ತಿಲ್ಲ ಎಂದು ಆರೋಗ್ಯ ಇಲಾಖೆಯವರು ಮೊಟ್ಟೆ ಕೊಡಲು ಹೊರಟರು. ಐದು ವರ್ಷದೊಳಗಿನ ಪ್ರತಿ ಮಗುವಿಗೆ ವಾರಕ್ಕೆ ಆರು ಮೊಟ್ಟೆ. ಬೇರೆಡೆಗೆ ಮಾರಿಕೊಳ್ಳಬಾರದು ಅಂತ ಒಂದೊಂದಕ್ಕೂ ನೀಲಿ ಮೊಹರು. ಇದರಿಂದ ನಿಜಕ್ಕೂ ಪ್ರಯೋಜನ ಇದೆಯೋ ಇಲ್ಲವೋ ನೋಡಿ ಹೇಳಿ ಅಂತ ಕಿನಾಸಿ ಕೆಲಸ ಮಾಡುವ ಸಂಶೋಧನಾ ಕೇಂದ್ರವನ್ನು ಕೇಳಿದರು. ಕೇಂದ್ರದವರು ಅರವತ್ತು ಕೇರಿಗಳನ್ನು ಆರಿಸಿ, ಮೂವತ್ತು ಜೋಡಿ ಮಾಡಿ, ಪ್ರತಿ ಜೋಡಿಗೂ ಚೀಟಿ ಎತ್ತಿದರು. ಚೀಟಿ ಬಂದ ಕೇರಿಗೆ ಮೊಟ್ಟೆ. ಬರದ ಕೇರಿಗೆ ಸೊನ್ನೆ. ಅದರ ಹೆಸರು ಹೋಲಿಕೆಯ ಕೇರಿ. ಮೊಟ್ಟೆ ತಿಂದ ಮಕ್ಕಳು ಹೋಲಿಕೆಯ ಮಕ್ಕಳಿಗಿಂತ ಹೆಚ್ಚು ಬೆಳೆದರೆ ಯೋಜನೆ ಇಡೀ ಜಿಲ್ಲೆಗೆ. ಬೆಳೆಯದಿದ್ದರೆ ಬರುವ ತಿಂಗಳಿಂದ ಬಂದ್. ಇಲಾಖೆ ಇದನ್ನು ಕಾಗದದ ಮೇಲೆ ಬರೆದುಕೊಟ್ಟಿತ್ತು.

ಈಗ ನೋಡಿದರೆ ಎರಡೂ ಕಡೆಯ ಮಕ್ಕಳ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ.

"ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಬಿಡು ದಿಕ್," ಅಂದರು ಕೇಂದ್ರದ ಮುಖ್ಯಸ್ಥ ಪ್ರೊಫೆಸರ್ ಹರ್ಯಾದಿ, ಸೋಯಾಕಾಳಿನ ಕರಿದ ತೆಂಪೆಯನ್ನು ಹಸಿಮೆಣಸಿನಕಾಯಿಯ ಜೊತೆ ಕಚ್ಚುತ್ತ. ದಿಕ್ ಅಂದರೆ ತಂಗಿ. ಕೆಲಸ ಆಗಬೇಕಾದಾಗೆಲ್ಲ ಕಿನಾಸಿ ಅವರಿಗೆ ತಂಗಿಯಾಗುತ್ತಿದ್ದಳು. "ಮೊಟ್ಟೆಯಿಂದ ಏನೂ ಆಗಲ್ಲ ಅನ್ನೋದೂ ಒಂದು ಫಲಿತಾಂಶವೇ. ಇನ್ನೂ ದೊಡ್ಡ ಫಲಿತಾಂಶ."

"ಮೊಟ್ಟೆ ತಿಂದ್ರೂ ಮಕ್ಕಳು ಬೆಳೆಯಲ್ಲ ಅಂದ್ರೆ ಹೇಗೆ ಪ್ರೊಫ್? ನಮ್ಮಜ್ಜಿ ಕೇಳಿದ್ರೆ ನಗ್ತಾರೆ."

"ನಿಮ್ಮಜ್ಜಿ ನಗ್ಲಿ. ಅಂಕಿ ನಗಲ್ಲ."

ಇಂಥ ಮಾತುಗಳನ್ನು ಅವರು ಹಿಂದಿನ ದಿನವೇ ಯೋಚಿಸಿ ಇಟ್ಟುಕೊಳ್ಳುತ್ತಾರೆ ಎಂದು ಕಿನಾಸಿಗೆ ಅನುಮಾನ. ಪ್ರೊಫೆಸರ್ ಹರ್ಯಾದಿ ಲಂಚ ತಿನ್ನುವ ಮನುಷ್ಯನಲ್ಲ. ತಿಂದಿದ್ದರೆ ವಾಸಿಯಿತ್ತು, ಲಂಚ ತಿನ್ನುವವನಿಗೆ ಬಾಗಿಲು ಮುಚ್ಚಿಕೊಳ್ಳುವಷ್ಟಾದರೂ ನಾಚಿಕೆ ಇರುತ್ತದೆ. ಇವರ ಚಟವೇ ಬೇರೆ. ಯೋಜನೆಗಳನ್ನು ಕೊಲ್ಲುವುದು. ಬಡವರ ಗೊಬ್ಬರದ ಯೋಜನೆಯನ್ನು ಕೊಂದರು, ಬಾಣಂತಿಯರ ಆರೈಕೆ ಪೆಟ್ಟಿಗೆಯ ಯೋಜನೆಯನ್ನು ಕೊಂದರು, ಹಳ್ಳಿಯ ಗ್ರಂಥಾಲಯಗಳನ್ನು ಒಂದೇ ಕೋಷ್ಟಕದಲ್ಲಿ ಮಲಗಿಸಿದರು. ಪತ್ರಿಕೆಯವರು ಅವರನ್ನು 'ಖಡಕ್ ಪ್ರೊಫೆಸರ್' ಎಂದು ಬರೆಯುತ್ತಿದ್ದರು. ಆ ಪತ್ರಿಕೆಯ ತುಣುಕುಗಳಿಗೆಲ್ಲ ಚೌಕಟ್ಟು ಹಾಕಿಸಿ, ತಮ್ಮ ಕೋಣೆಯಲ್ಲಿ ಬೇಟೆಗಾರ ಚಿಗರೆ ಕೊಂಬು ತೂಗುಹಾಕಿದ ಹಾಗೆ ತೂಗುಹಾಕಿಕೊಂಡಿದ್ದರು.

ಕಿನಾಸಿಗೆ ನಿದ್ದೆ ಹತ್ತದಿದ್ದದ್ದು ವ್ಯತ್ಯಾಸ ಇಲ್ಲದ್ದಕ್ಕಲ್ಲ. ಹೋಲಿಕೆಯ ಮಕ್ಕಳು ಯಾಕೆ ಇಷ್ಟು ಬೆಳೆದವು ಅನ್ನುವುದಕ್ಕೆ. ಮೊಟ್ಟೆ ತಿಂದ ಮಕ್ಕಳು ಚೆನ್ನಾಗಿಯೇ ಬೆಳೆದಿದ್ದವು. ಆದರೆ ಏನೂ ಸಿಗದ, ಗೆಣಸು ಸೊಪ್ಪು ತಿಂದುಕೊಂಡಿದ್ದ ಮಕ್ಕಳೂ ಅಷ್ಟೇ ಬೆಳೆದಿದ್ದವು. ಹಿಂದಿನ ಹತ್ತು ವರ್ಷದಲ್ಲಿ ಆ ಗುಡ್ಡದ ಮಕ್ಕಳು ಹಾಗೆ ಬೆಳೆದದ್ದೇ ಇಲ್ಲ. ಗಾಳಿ ಕುಡಿದು ಬೆಳೆದವೇ?

ಮರುದಿನ ಬೆಳಿಗ್ಗೆ ಬೈಕು ಹತ್ತಿ ಗುಡ್ಡಕ್ಕೆ ಹೊರಟಳು.

ಕರಂಗ್‌ಸರಿ ಮತ್ತು ವೇತಾನ್ ಎಂಬ ಎರಡು ಕೇರಿಗಳು ಒಂದು ಜೋಡಿ. ಕರಂಗ್‌ಸರಿಗೆ ಮೊಟ್ಟೆ, ವೇತಾನಿಗೆ ಇಲ್ಲ. ನಡುವೆ ಮೊಣಕಾಲುದ್ದ ನೀರಿನ ಹಳ್ಳ, ಅದರ ಮೇಲೆ ಎರಡು ತೆಂಗಿನ ದಿಮ್ಮಿ. ಕಿನಾಸಿ ಕರಂಗ್‌ಸರಿಗೆ ಹೋಗದೆ ನೇರ ವೇತಾನಿಗೆ ಹೋಗಿ ಮೊದಲ ಮನೆಯ ಮುಂದೆ ಬೈಕು ನಿಲ್ಲಿಸಿದಳು. ಅಂಗಳದಲ್ಲಿ ಸಾಲಾಗಿ ನೆಟ್ಟ ಕತ್ತಾಳೆಯಂಥ ಗಿಡಗಳು. ಅವುಗಳ ಚೂಪು ತುದಿ ಮಕ್ಕಳ ಕಣ್ಣಿಗೆ ಚುಚ್ಚಬಾರದೆಂದು ಅಲ್ಲಿಯ ಹೆಂಗಸರು ತುದಿ ತುದಿಗೆ ಮೊಟ್ಟೆಯ ಚಿಪ್ಪು ಸಿಕ್ಕಿಸುತ್ತಾರೆ. ಅಂದಕ್ಕೆ ಅಂದವೂ ಆಯಿತು. ಈ ಅಂಗಳದಲ್ಲಿ ಕಡಿಮೆ ಅಂದರೂ ಅರವತ್ತು ಚಿಪ್ಪು. ಬಗ್ಗಿ ನೋಡಿದಳು. ನೀಲಿ ಮೊಹರು. ಪಕ್ಕದ್ದರ ಮೇಲೂ ನೀಲಿ ಮೊಹರು. ಸಾಲಿಗೆ ಸಾಲೇ ಸರ್ಕಾರದ ಮೊಹರು ಹೊತ್ತು ಬಿಸಿಲು ಕಾಯುತ್ತಿತ್ತು.

"ಅಯ್ಯೋ ದೇವ್ರೇ!" ಅಂದಳು ಕಿನಾಸಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತು.

ಮನೆಯ ಹೆಂಗಸು ಪೈನೆಮ್ ಸೊಂಟದ ಮೇಲೆ ಮಗು ಹೊತ್ತು ಹೊರಗೆ ಬಂದಳು. ಕಚೇರಿಯ ಅಂಗಿ ಕಂಡದ್ದೇ ಅವಳ ಮುಖ ಬಾಡಿತು. "ಅವು... ಅವು ಹಳೇವು ಬು. ಗಾಳಿಗೆ ಹಾರಿ ಬಂದಿರ್ಬೇಕು." ಬು ಅಂದರೆ ಅಮ್ಮಾವ್ರು.

"ಮೊಟ್ಟೆ ಚಿಪ್ಪು ಗಾಳಿಗೆ ಹಾರಿ ಬಂದು ಗಿಡದ ತುದಿಗೆ ಸಿಕ್ಕೊಳ್ತಾ?"

"ನಮ್ಮ ಕಡೆ ಗಾಳಿ ಜೋರು ಬು."

ಕಿನಾಸಿಗೆ ನಗು ಬಂತು. ಅಷ್ಟರಲ್ಲಿ ಬೈಕಿನ ಸದ್ದು ಕೇಳಿ ಹಳ್ಳ ದಾಟಿ ತುಮಿರಾ ಓಡಿಬಂದಳು. ಕರಂಗ್‌ಸರಿಯ ಆರೋಗ್ಯ ಕಾರ್ಯಕರ್ತೆ ಅವಳು. ತಿಂಗಳಿಗೊಮ್ಮೆ ಮಕ್ಕಳನ್ನು ಬಟ್ಟೆಯ ಜೋಲಿಯಲ್ಲಿ ಕೂರಿಸಿ ತೂಗುತಕ್ಕಡಿಗೆ ನೇತುಹಾಕುವವಳು, ವಾರಕ್ಕೊಮ್ಮೆ ಮೊಟ್ಟೆ ಹಂಚುವವಳು. ಸಂಬಳವಿಲ್ಲ, ಬಾಯಿಗೆ ಬೀಗವೂ ಇಲ್ಲ. ಐವತ್ತು ದಾಟಿದ ಗಟ್ಟಿ ಹೆಂಗಸು. ಕಿನಾಸಿ ಅವಳನ್ನು ಯೂ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದಳು.

"ಬೈಬೇಡಿ ಬು," ಅಂದಳು ತುಮಿರಾ ಏದುಸಿರು ಬಿಡುತ್ತ. "ಬೈಯೋದಾದ್ರೆ ನನಗೆ ಬೈರಿ. ಈ ಪೆದ್ದಿಗೆ ಚಿಪ್ಪು ಹೂತುಹಾಕು ಅಂತ ಹೇಳಿದ್ದೆ. ಇವಳು ನೋಡಿದ್ರೆ ಜಾತ್ರೆ ಅಲಂಕಾರ ಮಾಡಿ ಕೂತವ್ಳೆ."

"ಯೂ, ಮೊಟ್ಟೆ ನಮ್ಮ ಮಕ್ಕಳೇ ತಿಂತಾರೆ ಅಂತ ನೀವೇ ಅಲ್ವಾ ಬರೆಸಿದ್ದು?"

"ನಿಮ್ಮ ಕಚೇರಿ ಹುಡುಗೀರು ಬಂದು ಮಗು ಮೊಟ್ಟೆ ತಿಂತಾ ಅಂತ ಕೇಳಿದ್ರು. ತಿಂತು ಅಂದ್ವಿ. ಸುಳ್ಳೇನಲ್ಲ, ತಿಂತು. ಯಾರ ಮಗು ಅಂತ ಅವರೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ."

ಆಮೇಲೆ ಪೈನೆಮ್ ಬೆಲ್ಲದ ಚಹಾ ತಂದಿಟ್ಟಳು, ತುಮಿರಾ ಎಲ್ಲವನ್ನೂ ಹೇಳಿದಳು. ಎರಡೂ ಕೇರಿಗೆ ಒಂದೇ ಬಾವಿ, ಒಂದೇ ಮಸೀದಿ. ಗುರುವಾರ ಹೆಂಗಸರ ಪ್ರಾರ್ಥನೆ ಒಂದು ವಾರ ಈ ಕೇರಿಯಲ್ಲಿ, ಒಂದು ವಾರ ಆ ಕೇರಿಯಲ್ಲಿ. ಮುಗಿದ ಮೇಲೆ ಯಾರೂ ಬರಿಗೈಲಿ ಹೋಗುವಂತಿಲ್ಲ, ಎಲೆಯಲ್ಲಿ ಕಟ್ಟಿದ ಅನ್ನದ ಗಂಟು ಮನೆಗೆ ಒಯ್ಯಬೇಕು. ಮದುವೆಗೆ, ತಿಥಿಗೆ, ಬಸುರಿಯ ಏಳನೇ ತಿಂಗಳಿಗೆ, ಎಲ್ಲಕ್ಕೂ ಅದೇ ಪದ್ಧತಿ. ಹೊರಗಿಂದ ಏನೇ ಬರಲಿ, ಸಮನಾಗಿ ಹಂಚಿ ತಿನ್ನುವುದು. ಸರ್ಕಾರ ಅಕ್ಕಿ ಕೊಟ್ಟಾಗಲೂ ಹಾಗೆಯೇ ಮಾಡಿದ್ದರು.

"ನೀವು ಮೊದಲ ಸಲ ಮೊಟ್ಟೆ ತಂದ ದಿನ ಪೈನೆಮ್ಮನ ದೊಡ್ಡ ಹುಡ್ಗಿ ನಮ್ಮ ಜಗಲೀಲಿ ನಿಂತಿತ್ತು ಬು. ನನ್ನ ಮೊಮ್ಮಗ ತಿಂತಾ ಇದ್ದ. ಅದು ಕೇಳ್ಲಿಲ್ಲ. ಬಾಯಿ ಬಿಟ್ಟು ಕೇಳಿದ್ರೆ ಗದರಿಸಿ ಕಳಿಸಬಹುದಿತ್ತು. ಸುಮ್ನೆ ಕಂಬ ಹಿಡ್ಕೊಂಡು ನೋಡ್ತಿತ್ತು. ಇನ್ನೊಂದು ಮಗು ನೋಡ್ತಾ ನಿಂತಿರೋವಾಗ ನಮ್ಮ ಮಗೂಗೆ ತುತ್ತು ಇಳಿಯುತ್ತಾ ಹೇಳಿ? ಚೀಟಿ ಎತ್ತಿದ್ದು ನೀವು. ಈ ಮಗು ತಿನ್ನು, ಆ ಮಗು ನೋಡು ಅಂತ ನಾವು ಹೇಳೋಕಾಗುತ್ತಾ?"

ಆರರಲ್ಲಿ ಮೂರು ಹಳ್ಳದ ಈಚೆಗೆ, ಮೂರು ಆಚೆಗೆ. ಮೊದಲ ವಾರದಿಂದಲೂ.

ಕಿನಾಸಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಜೋಡಿ ಮಾಡಿದವಳು ಅವಳೇ. ಹೋಲಿಸುವ ಕೇರಿಗಳು ಎಲ್ಲದರಲ್ಲೂ ಒಂದೇ ಥರ ಇರಬೇಕು ಅಂತ ಕಸುಬಿನ ಪುಸ್ತಕ ಹೇಳುತ್ತದೆ. ಅದಕ್ಕೇ ಒಂದೇ ಬಾವಿಯವರನ್ನು, ಒಂದೇ ಮಸೀದಿಯವರನ್ನು, ನಕ್ಷೆಯಲ್ಲಿ ಉಗುರಿನಷ್ಟು ದೂರವೂ ಇಲ್ಲದವರನ್ನು ಹುಡುಕಿ ಹುಡುಕಿ ಜೋಡಿಸಿದ್ದಳು. ಎಷ್ಟು ಚೆನ್ನಾಗಿ ಜೋಡಿಸಿದ್ದೀ ಎಂದು ಪ್ರೊಫೆಸರ್ ಬೆನ್ನು ತಟ್ಟಿದ್ದರು. ತಾನೂ ಇದೇ ಜಾವಾದ ಮಣ್ಣಿನಲ್ಲಿ ಹುಟ್ಟಿದವಳು, ಚಿಕ್ಕಂದಿನಲ್ಲಿ ಎಲೆಯ ಗಂಟಿಗೆ ಕಾದು ಕೂತವಳು. ಕಂಪ್ಯೂಟರಿನ ಮುಂದೆ ಕೂತ ಗಳಿಗೆಯಲ್ಲಿ ಅದನ್ನೆಲ್ಲ ಮರೆತು, ಎದುರು ಬದುರು ಮನೆಯವರು ಮೊಟ್ಟೆ ಹಂಚಿಕೊಳ್ಳುವುದಿಲ್ಲ ಅಂತ ಅಂದುಕೊಂಡುಬಿಟ್ಟಿದ್ದಳಲ್ಲ! ಓದಿದ್ದು ಹೆಚ್ಚಾದರೆ ಬುದ್ಧಿ ಹೀಗೆ ಮಂಕಾಗುತ್ತದೆ.

"ಇದು ಗೊತ್ತಾದ್ರೆ ಮೊಟ್ಟೆ ನಿಲ್ಲಿಸ್ತಾರಾ ಬು?" ತುಮಿರಾ ಕೇಳಿದಳು. ಅಷ್ಟು ಹೊತ್ತು ಇಲ್ಲದ ಅಳುಕು ಈಗ ದನಿಯಲ್ಲಿತ್ತು.

"ಉಲ್ಟಾ ಯೂ. ಇದು ಗೊತ್ತಾಗದಿದ್ರೇ ನಿಲ್ಲಿಸ್ತಾರೆ. ಎರಡೂ ಕಡೆ ಮಕ್ಕಳು ಬೆಳೆದದ್ದು ಮೊಟ್ಟೆಯಿಂದ್ಲೇ ಅಂತ ನಾನು ತೋರಿಸ್ತೀನಿ. ಆದ್ರೆ ನಿಜ ನೀವೇ ಹೇಳ್ಬೇಕು. ಉಳಿದ ಕೇರಿಯವರ ಹತ್ರಾನೂ ಹೇಳಿಸ್ಬೇಕು."

"ಆಣೆ?"

"ಆಣೆ."

ತುಮಿರಾ ನಂಬಿದಳು. ಆ ವಾರವೆಲ್ಲ ಬೈಕಿನ ಹಿಂದೆ ಕೂತು ಕೇರಿ ಕೇರಿಗೆ ಬಂದಳು. "ಹೆದರಬೇಡ್ರೇ, ಈ ಬು ನಮ್ಮವಳು, ನಿಜ ಹೇಳ್ರಿ, ಮೊಟ್ಟೆ ಉಳಿಯುತ್ತೆ," ಅಂತ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಳು. ಮೂವತ್ತು ಜೋಡಿಗಳಲ್ಲಿ ಇಪ್ಪತ್ತಾರರಲ್ಲಿ ಇದೇ ಕಥೆ. ಹೊರಡುವ ದಿನ ಪೈನೆಮ್ಮನ ಹೆಗಲ ಮೇಲೆ ಕೈಹಾಕಿ ಚಿಪ್ಪಿನ ಗಿಡಗಳ ಮುಂದೆ ನಿಂತು, "ಒಂದು ಫೋಟೋ ತೆಗೀರಿ ಬು. ನಮ್ಮ ಮುಖ ನಿಮ್ಮ ಸಾಹೇಬರೂ ನೋಡ್ಲಿ," ಅಂದಳು. ಕಿನಾಸಿ ತೆಗೆದಳು.

ಮುಂದಿನ ಹತ್ತು ದಿನ ಕಿನಾಸಿ ಕುರ್ಚಿ ಬಿಟ್ಟೇಳಲಿಲ್ಲ. ಗುಡ್ಡದ ಆಚೆ ಮಗ್ಗುಲಲ್ಲಿ ಹನ್ನೆರಡು ಕೇರಿಗಳಿವೆ. ಅಲ್ಲಿಯವರಿಗೆ ಇಲ್ಲಿಯವರ ಜೊತೆ ಬಾವಿಯೂ ಇಲ್ಲ, ಪ್ರಾರ್ಥನೆಯೂ ಇಲ್ಲ, ಕೊಡು ಕೊಳ್ಳುವುದೂ ಇಲ್ಲ. ಅಲ್ಲಿಯ ಮಕ್ಕಳ ತೂಕ ಎತ್ತರ ಆರೋಗ್ಯ ಕೇಂದ್ರದ ಪುಸ್ತಕಗಳಲ್ಲಿತ್ತು. ಎಲ್ಲವನ್ನೂ ತರಿಸಿಕೊಂಡು, ತಂದೆ ತಾಯಿಯ ಓದು, ಜಮೀನು, ನೀರು, ಮೊದಲಿದ್ದ ಎತ್ತರ, ಒಂದನ್ನೂ ಬಿಡದೆ ಸರಿತೂಗಿಸಿ ಹೋಲಿಸಿದಳು. ಮೊಟ್ಟೆಯ ಕೇರಿಗಳೂ ಪಕ್ಕದ ಕೇರಿಗಳೂ ಎರಡೂ ಆಚೆ ಮಗ್ಗುಲಿನ ಮಕ್ಕಳಿಗಿಂತ ಮುಂದೆ. ಮೂರು ಮೂರು ನಕ್ಷತ್ರ. ಮಗುವಿಗೆ ಸಿಕ್ಕಿದ್ದು ವಾರಕ್ಕೆ ಮೂರೇ ಮೊಟ್ಟೆಯಾದರೂ ಇಷ್ಟು ಪರಿಣಾಮ! ಕಚೇರಿಯಲ್ಲಿ ಯಾರೂ ಇಲ್ಲದ್ದು ನೋಡಿ ಕಿನಾಸಿ ಎದ್ದು ನಿಂತು ಒಂದು ಸುತ್ತು ಕುಣಿದಳು.

ಪ್ರೊಫೆಸರ್ ಹರ್ಯಾದಿ ಕೋಷ್ಟಕವನ್ನು ಎರಡು ಸಲ ಓದಿದರು. ಚಿಪ್ಪಿನ ಫೋಟೋ ನೋಡಿದರು. ದಡ್ಡರಾಗಿದ್ದರೆ ಕ್ಷಮಿಸಬಹುದಿತ್ತು. ದಡ್ಡರಲ್ಲ, ಅರ್ಧ ನಿಮಿಷದಲ್ಲಿ ಎಲ್ಲ ಅರ್ಥ ಮಾಡಿಕೊಂಡರು.

"ಸರಿಯಾಗಿದೆ," ಅಂದರು. "ನೀನು ಹೇಳೋದು ನಿಜ. ಮೊಟ್ಟೆ ಕೆಲಸ ಮಾಡಿದೆ."

ಕಿನಾಸಿಗೆ ಉಸಿರು ಬಂತು. "ಹಾಗಾದ್ರೆ ವರದಿ ಬದಲಾಯಿಸ್ಲಾ ಪ್ರೊಫ್?"

"ಬದಲಾಯಿಸೋ ಹಾಗಿಲ್ಲ ದಿಕ್. ಕೆಲಸ ಶುರುವಾಗೋ ಮೊದಲೇ ಬರೆದು, ಮೊಹರು ಹಾಕಿ ಇಟ್ಟಿದ್ದೀವಿ. ಜೋಡಿ ಕೇರಿಗಳನ್ನ ಮಾತ್ರ ಹೋಲಿಸ್ತೀವಿ, ಬೇರೆ ಹೋಲಿಕೆ ಮಾಡಲ್ಲ ಅಂತ. ಅಂಕಿ ಬಂದ ಮೇಲೆ ಹೋಲಿಕೆ ಬದಲಾಯಿಸಿದ್ರೆ ಅದು ಮೋಸ. ಇದನ್ನ ನಿನಗೆ ಹೇಳಿಕೊಟ್ಟವನೇ ನಾನು."

"ಅದು ಇಲ್ಲದ ಫಲ ಇದೆ ಅಂತ ತೋರಿಸೋರನ್ನ ತಡೆಯೋಕೆ ಮಾಡಿದ ನಿಯಮ. ಇರೋದನ್ನ ಮುಚ್ಚಿಡೋಕಲ್ಲ."

"ನಿಯಮ ನಿಯಮವೇ. ಇವತ್ತು ಮೊಟ್ಟೆಗೆ ಬಿಟ್ರೆ ನಾಳೆ ಇನ್ನೊಂದಕ್ಕೆ ಬಿಡ್ಬೇಕು." ಇಷ್ಟು ಹೇಳಿ ಅವರು ಫೋಟೋವನ್ನು ಮತ್ತೆ ಎತ್ತಿಕೊಂಡರು. ಕಣ್ಣಲ್ಲಿ ಒಂದು ಹೊಳಪು ಬಂತು. ಆ ಹೊಳಪು ಕಿನಾಸಿಗೆ ಪರಿಚಯವಿತ್ತು. ಗ್ರಂಥಾಲಯಗಳನ್ನು ಮಲಗಿಸಿದ ದಿನವೂ ಇದೇ ಹೊಳಪು. "ಆದ್ರೆ ಇದಿದೆಯಲ್ಲ, ಇದು ಚಿನ್ನ. ಆರರಲ್ಲಿ ಮೂರು ಮೊಟ್ಟೆ ಬೇರೆ ಕಡೆ ಹೋಗಿದೆ. ಎಲ್ಲ ಜೋಡಿ ಸೇರಿಸಿದ್ರೆ ಸುಮಾರು ಶೇಕಡಾ ನಲವತ್ತಮೂರು ಸೋರಿಕೆ. ಕೊಟ್ಟದ್ದು ತಲುಪಲೇ ಇಲ್ಲ. ಹಂಚೋರೇ ಸಾಗಿಸಿದಾರೆ. ಇಂಥ ಸಾಕ್ಷಿ ಹಿಂದೆ ಯಾರೂ ತಂದಿಲ್ಲ ದಿಕ್!"

"ಸೋರಿಕೆಯಾ? ಪ್ರೊಫ್, ಪಕ್ಕದ ಮಕ್ಕಳ ಹೊಟ್ಟೆಗೆ ಹೋಗಿದೆ ಅದು!"

"ಪಟ್ಟಿಯಲ್ಲಿ ಇಲ್ಲದ ಮಕ್ಕಳ ಹೊಟ್ಟೆಗೆ. ಅದನ್ನೇ ಸೋರಿಕೆ ಅನ್ನೋದು."

"ಸೋರಿಕೆ ಲೆಕ್ಕಾನೂ ನಾವು ಮೊದಲೇ ಬರೆದಿಟ್ಟಿರ್ಲಿಲ್ಲ. ಅದಕ್ಕೆ ನಿಯಮ ಬೇಡ್ವಾ?"

ಅವರು ಒಂದು ಕ್ಷಣವೂ ತಡವರಿಸಲಿಲ್ಲ. "ಅದು ಪೂರಕ ಮಾಹಿತಿ. ಫಲಿತಾಂಶ ಅಲ್ಲ." ಆಮೇಲೆ ದನಿ ಮೆತ್ತಗೆ ಮಾಡಿ, "ವರದಿಯ ಮೇಲೆ ನಿನ್ನ ಹೆಸರು ಮೊದಲು ಹಾಕ್ತೀನಿ. ನಿನ್ನ ಕೋಷ್ಟಕಾನೂ ಹಾಕ್ತೀನಿ, ಅಡಿಟಿಪ್ಪಣಿಯಲ್ಲಿ. ಆಯ್ತಾ?" ಅಂದರು.

ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಜೋಡಿ ಮಾಡಿ ಕೆಡಿಸಿದವರು ಕಚೇರಿಯವರು. ಬಾಯಿಗೆ ಮೆತ್ತಿಸಿಕೊಳ್ಳುವವರು ಗುಡ್ಡದ ಹೆಂಗಸರು. ಕಿನಾಸಿ ಕೋಷ್ಟಕವನ್ನು ಅವರ ಮುಖದ ಮೇಲೆ ಎಸೆದು ಎದ್ದು ಬರಬೇಕಿತ್ತು. ಬರಲಿಲ್ಲ. ಅಡಿಟಿಪ್ಪಣಿಯಲ್ಲಾದರೂ ಇರಲಿ, ಇಲಾಖೆಯವರಲ್ಲಿ ಓದಿ ತಿಳಿಯುವವರು ಒಬ್ಬರಾದರೂ ಇದ್ದಾರು ಅಂದುಕೊಂಡಳು. ಇನ್ನೂ ಒಂದು ಮಾತು ಹೇಳಲೇಬೇಕು: ಮೊದಲ ಹೆಸರು ಅಂದಾಗ ಅವಳಿಗೆ ಒಂದು ಗಳಿಗೆ ಖುಷಿಯೂ ಆಗಿತ್ತು. ಥೂ ನನ್ನ ಜನ್ಮಕ್ಕಿಷ್ಟು, ಅಂತ ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು. ವರದಿ ಅಚ್ಚಾಗಿ ಬಂದಾಗ ಅವಳ ಕೋಷ್ಟಕ ನಲವತ್ತೊಂದನೆಯ ಪುಟದ ಕೆಳಗೆ ಇರುವೆಸಾಲಿನಂಥ ಅಕ್ಷರಗಳಲ್ಲಿತ್ತು.

ವರದಿ ಮಂಡಿಸಿದ್ದು ನಗರದ ಹೋಟೆಲೊಂದರ ದೊಡ್ಡ ಸಭಾಂಗಣದಲ್ಲಿ, ಬೆಳಿಗ್ಗೆ ಹತ್ತಕ್ಕೆ. ಹೊರಗೆ ಮೇಜಿನ ಮೇಲೆ ತಿಂಡಿಯ ಡಬ್ಬಿಗಳ ಗೋಪುರ. ಕಿನಾಸಿ ಒಳಗೆ ಕಾಲಿಟ್ಟವಳು ಹಿಂದಿನ ಸಾಲು ನೋಡಿ ಅಲ್ಲೇ ನಿಂತಳು. ತುಮಿರಾ, ಅವಳ ಪಕ್ಕ ಬೇರೆ ಬೇರೆ ಕೇರಿಯ ಎಂಟು ಕಾರ್ಯಕರ್ತೆಯರು. ಎಲ್ಲರೂ ಮದುವೆಗೆ ಉಡುವ ಬಾಟಿಕ್ ಬಟ್ಟೆ ಸುತ್ತಿ, ಕುಪ್ಪಸಕ್ಕೆ ಪಿನ್ನು ಚುಚ್ಚಿ, ತುಟಿಗೆ ಬಣ್ಣ ಹಚ್ಚಿ ಬಂದಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ತರಕಾರಿ ಲಾರಿ ಹತ್ತಿದ್ದರಂತೆ.

"ನೀವು ಕರೆಸಿದ್ದಕ್ಕೆ ದೇವರು ನಿಮಗೆ ಒಳ್ಳೇದು ಮಾಡ್ಲಿ ಬು!" ತುಮಿರಾ ಅವಳ ಎರಡೂ ಕೈ ಹಿಡಿದಳು. "ನಿಜ ಹೇಳಿದ್ದಕ್ಕೆ ಸನ್ಮಾನ ಅಂತ ಲೂರಾ ಹೇಳಿದ್ರು." ಲೂರಾ ಅಂದರೆ ಊರಿನ ಮುಖ್ಯಸ್ಥ.

"ನಾನು..." ಅಂದಳು ಕಿನಾಸಿ. ಅಷ್ಟರಲ್ಲಿ ಪ್ರೊಫೆಸರ್ ಅವಳನ್ನು ಮುಂದಿನ ಸಾಲಿಗೆ ಕರೆದರು. ಫಲಾನುಭವಿಗಳ ಪ್ರತಿನಿಧಿಗಳು ಸಭೆಯಲ್ಲಿ ಇರಲಿ ಅಂತ ಅವರೇ ಕರೆಸಿದ್ದರು. ಈಗ ಎಲ್ಲ ಕಡೆಯೂ ಹಾಗೆ ಮಾಡುತ್ತಾರಂತೆ.

ಇಪ್ಪತ್ತು ನಿಮಿಷ ಪ್ರೊಫೆಸರ್ ಅಂಕಿಗಳನ್ನು ಆಡಿಸಿದರು. ಮೊಟ್ಟೆಯಿಂದ ಪ್ರಯೋಜನ ಕಂಡುಬಂದಿಲ್ಲ ಅಂದರು. ಇಲಾಖೆಯ ನಿರ್ದೇಶಕ ಪಾಕ್ ಲುಕ್ಮೊನೊ ತಲೆಯಾಡಿಸಿ ಬರೆದುಕೊಂಡರು. ಪಾಕ್ ಅಂದರೆ ಸಾಹೇಬರು. ಆಮೇಲೆ ಪ್ರೊಫೆಸರ್, "ಯಾಕೆ ಅಂತ ಕೇಳ್ತೀರಾ? ನೋಡಿ," ಅಂತ ಗುಂಡಿ ಒತ್ತಿದರು. ಪರದೆಯ ತುಂಬ ಪೈನೆಮ್ಮನ ಅಂಗಳ. ಗಿಡಗಳು, ನೀಲಿ ಮೊಹರಿನ ಚಿಪ್ಪುಗಳು, ಅವುಗಳ ಮುಂದೆ ಹೆಗಲ ಮೇಲೆ ಕೈಹಾಕಿ ನಗುತ್ತಿರುವ ಇಬ್ಬರು ಹೆಂಗಸರು. ಮುಖಗಳಿಗೆ ಮಸುಕು ಹಾಕುವ ಮರ್ಯಾದೆಯನ್ನೂ ತೋರಿಸಿರಲಿಲ್ಲ. ಮೇಲೆ ಕೆಂಪಕ್ಷರದಲ್ಲಿ: ಸೋರಿಕೆ, ಶೇಕಡಾ ೪೩.

"ಅಯ್ಯೋ, ಅದು ನಾನೇ!" ಹಿಂದಿನ ಸಾಲಿನಿಂದ ಕೂಗು ಕೇಳಿತು. ತುಮಿರಾ ಎದ್ದು ನಿಂತಿದ್ದಳು. ಓದು ಅವಳಿಗೆ ಅಷ್ಟಕ್ಕಷ್ಟೇ, ಅದೂ ಅಷ್ಟು ದೂರದಿಂದ. "ನೋಡ್ರೇ, ನಾನೂ ಪೈನೆಮ್ಮೂ! ಸಾಹೇಬ್ರೇ, ಅದು ನಾನು!" ಸಂತೋಷಕ್ಕೆ ಕೈ ಎತ್ತಿ ಆಡಿಸಿದಳು.

ಸಭೆ ನಕ್ಕಿತು. ನಿರ್ದೇಶಕರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಹಿಂದೆ ತಿರುಗಿ ನೋಡಿ ನಕ್ಕರು. ಪ್ರೊಫೆಸರ್ ಕೂಡ ದೊಡ್ಡ ಮನಸ್ಸು ಮಾಡಿ, "ಆರೋಪಿಗಳೇ ಒಪ್ಪಿಕೊಳ್ತಾ ಇದಾರೆ," ಅಂತ ತಮಾಷೆ ಮಾಡಿದರು. ಮತ್ತೆ ನಗು. ತುಮಿರಾ ಕೂಡ ಎಲ್ಲರ ಜೊತೆ ನಕ್ಕಳು. ಪಕ್ಕದಲ್ಲಿದ್ದ, ಓದು ಬರುವ ಕಾರ್ಯಕರ್ತೆ ಅವಳ ಬಟ್ಟೆ ಹಿಡಿದು ಕೆಳಗೆ ಎಳೆದು ಕಿವಿಯಲ್ಲಿ ಏನೋ ಹೇಳಿದಳು. ತುಮಿರಾ ಪರದೆಯನ್ನು ನೋಡಿದಳು, ಮತ್ತೆ ಹೇಳಿದವಳ ಮುಖ ನೋಡಿದಳು, ಆಮೇಲೆ ಕುರ್ಚಿಯ ಅಂಚಿನಲ್ಲಿ ಮುದುಡಿ ಕೂತಳು.

ಕಿನಾಸಿ ಎದ್ದು ಹೋಗಿ ಮೈಕು ಹಿಡಿದಳು.

"ಪಾಕ್ ಲುಕ್ಮೊನೊ, ಇದು ಸೋರಿಕೆ ಅಲ್ಲ. ಹೋಲಿಕೆಯ ಕೇರಿ ಆರಿಸಿದ್ದು ನಾನು. ಒಂದೇ ಬಾವಿ ನೀರು ಕುಡಿಯೋರನ್ನ ಎರಡು ಭಾಗ ಮಾಡಿ, ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದೆ ಹೋಲಿಸಿದ್ದು ನನ್ನ ತಪ್ಪು. ಈ ಹೆಂಗಸರು ಪಕ್ಕದ ಮಕ್ಕಳಿಗೂ ತಿನ್ನಿಸಿದ್ರು. ಅದಕ್ಕೇ ಎರಡೂ ಕಡೆ ಬೆಳೆದಿವೆ. ಗುಡ್ಡದ ಆಚೆಯ ಮಕ್ಕಳ ಜೊತೆ ಹೋಲಿಸಿ ನೋಡಿ, ನಲವತ್ತೊಂದನೇ ಪುಟ, ಕೆಳಗಡೆ. ಮೊಟ್ಟೆ ಕೆಲಸ ಮಾಡಿದೆ. ಇವರು ಕಳ್ಳರಲ್ಲ. ಇವರ ಫೋಟೋ ತೆಗೆದುಹಾಕಿ."

ಯಾರೂ ಆ ಪುಟ ತಿರುವಿ ನೋಡಲಿಲ್ಲ.

ಪಾಕ್ ಲುಕ್ಮೊನೊ ಬಹಳ ಸಭ್ಯ ಮನುಷ್ಯ. "ತುಂಬ ಒಳ್ಳೇ ಸಲಹೆ ಬು ಕಿನಾಸಿ. ಬರ್ಕೊಂಡಿದೀವಿ," ಅಂದರು. "ಮುಂದೆ ಯಾವತ್ತಾದ್ರೂ ಅಧ್ಯಯನ ಮಾಡೋವಾಗ ಖಂಡಿತ ನೋಡೋಣ. ಸದ್ಯಕ್ಕೆ ಪ್ರೊಫೆಸರ್ ಹೇಳಿದ ಹಾಗೆ, ಪೂರ್ವಯೋಜನೆಯ ಪ್ರಕಾರ, ಮೊಟ್ಟೆ ಬರೋ ತಿಂಗಳಿಂದ ನಿಲ್ಲುತ್ತೆ. ಹಂಚಿಕೆಯಲ್ಲಿ ಲೋಪ ಆಗಿದೆ ಅಂತ ಕಾರ್ಯಕರ್ತೆಯರು ಒಂದು ಹೇಳಿಕೆಗೆ ಸಹಿ ಹಾಕಿ ಹೋದ್ರೆ ಸಾಕು, ಮುಂದಿನ ಕ್ರಮ ಏನೂ ಬೇಡ. ಎಲ್ಲರಿಗೂ ತಿಂಡಿ ಇದೆ, ದಯವಿಟ್ಟು." ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವುದಕ್ಕೆ ತಟ್ಟಿದರೋ, ತಿಂಡಿಗೇ ಇರಬೇಕು.

ಪ್ರೊಫೆಸರ್ ಹತ್ತಿರ ಬಂದು, "ಭಾವುಕಳಾದೆ ದಿಕ್. ಪರವಾಗಿಲ್ಲ, ವಯಸ್ಸು," ಅಂದರು. ಅವರ ಬಾಯಲ್ಲಿ ಆಗಲೇ ಏನೋ ಇತ್ತು. ಆ ಬಾಯಿ ಜಗಿಯುವುದನ್ನು ನೋಡುತ್ತ ನಿಲ್ಲಲಾಗದೆ ಕಿನಾಸಿ ಹೊರಗೆ ನಡೆದಳು.

ಹೋಟೆಲಿನ ಹಿಂಭಾಗದಲ್ಲಿ, ತರಕಾರಿ ಲಾರಿಯ ನೆರಳಲ್ಲಿ ಹೆಂಗಸರು ನಿಂತಿದ್ದರು. ಸಹಿ ಹಾಕಿಸಿಕೊಂಡು ಆಗಿತ್ತು. ತುಮಿರಾಳ ಹೆಬ್ಬೆರಳಿಗೆ ಶಾಯಿ ಮೆತ್ತಿತ್ತು. ಯಾರ ಕೈಯಲ್ಲೂ ತಿಂಡಿಯ ಡಬ್ಬಿ ಇರಲಿಲ್ಲ. ಇಬ್ಬರು ಅಳುತ್ತಿದ್ದರು. ತುಮಿರಾ ಅಳುತ್ತಿರಲಿಲ್ಲ. ಲೆಕ್ಕ ತಪ್ಪಿದವಳ ಹಾಗೆ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದಳು. ಕಿನಾಸಿ ಹೋಗಿ ಅವಳ ಕೈ ಹಿಡಿದುಕೊಂಡಳು.

"ತಪ್ಪಾಯ್ತು ಯೂ. ನಾನು ಆಣೆ ಮಾಡಿದ್ದೆ."

"ನೀವು ಒಳಗೆ ಹೇಳಿದ್ದು ಕೇಳಿಸ್ಕೊಂಡೆ ಬು. ನೀವು ನಮ್ಮ ಪರವಾಗೇ ಹೇಳಿದ್ರಿ." ತುಮಿರಾ ಕೈ ಬಿಡಿಸಿಕೊಳ್ಳಲಿಲ್ಲ. "ನನಗೆ ಒಂದು ಅರ್ಥ ಆಗ್ಲಿಲ್ಲ. ನಾನು ಓದಿದವಳಲ್ಲ, ಬಿಡಿಸಿ ಹೇಳಿ. ನಾವು ಪೈನೆಮ್ಮನ ಮಕ್ಕಳಿಗೆ ಕೊಡದೇ ಇದ್ದಿದ್ರೆ ಮೊಟ್ಟೆ ನಿಲ್ತಿರ್ಲಿಲ್ವಾ?"

"ನಿಲ್ತಿರ್ಲಿಲ್ಲ."

"ಎಲ್ಲಾನೂ ನಮ್ಮ ಮಕ್ಕಳಿಗೇ ತಿನ್ನಿಸಿ, ಅವಳ ಮಕ್ಕಳು ಕಂಬ ಹಿಡ್ಕೊಂಡು ನೋಡ್ತಾ ನಿಂತಿದ್ರೆ?"

"ಆಗ ವ್ಯತ್ಯಾಸ ಕಾಣ್ತಿತ್ತು."

"ಹಂಗಂದ್ರೆ ಬು, ನಿಮ್ಮ ಲೆಕ್ಕಕ್ಕೆ..." ತುಮಿರಾ ಮಾತು ಹುಡುಕಿದಳು. "ವೇತಾನ್ ಮಕ್ಕಳು ಬೆಳೀಬಾರದಿತ್ತಾ?"

ಕಿನಾಸಿ ಸುತ್ತಿ ಬಳಸಿ ಏನಾದರೂ ಹೇಳಬಹುದಿತ್ತು. ಅಷ್ಟು ಓದಿದ್ದಳು. ಆದರೆ ಆ ಮುಖದ ಮುಂದೆ ಸುಳ್ಳು ಹೊರಡಲಿಲ್ಲ.

"ಹೌದು ಯೂ," ಅಂದಳು. "ಬೆಳೀಬಾರದಿತ್ತು."

ತುಮಿರಾ ಬೈಯಲಿಲ್ಲ. ಆ ಗುಡ್ಡದ ಹೆಂಗಸರು ಹೊರಗಿನವರಿಗೆ ಬೈಯುವುದಿಲ್ಲ. ತಲೆಬಾಗಿ, "ಹೋಗಿ ಬರ್ತೀವಿ ಬು," ಅಂತ ಮರ್ಯಾದೆಯಿಂದ ಹೇಳಿ ಕೈ ಬಿಡಿಸಿಕೊಂಡಳು. ಲಾರಿ ಹತ್ತುವ ಮೊದಲು ಕಿನಾಸಿ ಹಿಡಿದಿದ್ದ ಆ ಕೈಯನ್ನು ತನ್ನ ಬಾಟಿಕ್ ಬಟ್ಟೆಗೆ ಒರೆಸಿದಳು. ಶಾಯಿ ಇದ್ದದ್ದು ಇನ್ನೊಂದು ಕೈಯಲ್ಲಿ.